ದತ್ತು ಪ್ರಕ್ರಿಯೆಯ ನಡುವೆ ದೇಶ ಬದಲಿಸಬೇಕಾಗಿ ಬಂದಾಗ

ಹೊರದೇಶದ ಮಗುವೊಂದನ್ನು ದತ್ತು ತೆಗೆದುಕೊಳ್ಳಲು ಅರ್ಜಿ ಹಾಕಿ, ಕಡತ ಕಳುಹಿಸಿ, ವರ್ಷಗಟ್ಟಲೆ ಕಾದ ಕುಟುಂಬಕ್ಕೆ, ಆ ದೇಶವನ್ನು ಬಿಟ್ಟು ಇನ್ನೊಂದು ದೇಶದತ್ತ ತಿರುಗಬೇಕೇ ಎಂಬ ಪ್ರಶ್ನೆ ಎದುರಾಗುವುದು ಅಪರೂಪವೇನಲ್ಲ. ರೊಮೇನಿಯಾ 2001ರಲ್ಲಿ ಹೊರದೇಶಗಳಿಗೆ ದತ್ತು ಕೊಡುವುದನ್ನು ತಡೆಹಿಡಿದು, ಮುಂದೆ ಕಾನೂನು ಮಾಡಿ 2005ರಿಂದ ಬಹುಮಟ್ಟಿಗೆ ನಿಲ್ಲಿಸಿತು. ಗ್ವಾಟೆಮಾಲಾ 2007ರ ಕೊನೆಗೆ ಹೊಸ ಅರ್ಜಿಗಳಿಗೆ ಬಾಗಿಲು ಹಾಕಿತು. ರಷ್ಯಾ 2013ರ ಜನವರಿ 1ರಿಂದ ಅಮೆರಿಕದ ಕುಟುಂಬಗಳಿಗೆ ಮಕ್ಕಳನ್ನು ಕೊಡುವುದನ್ನು ನಿಷೇಧಿಸಿತು, ಇಥಿಯೋಪಿಯಾ 2018ರ ಜನವರಿಯಲ್ಲಿ ಎಲ್ಲ ವಿದೇಶಿಯರಿಗೂ ನಿಷೇಧಿಸಿತು. ಚೀನಾ 2024ರಲ್ಲಿ, ರಕ್ತಸಂಬಂಧಿಗಳ ಮಕ್ಕಳನ್ನೋ ಮಲಮಕ್ಕಳನ್ನೋ ದತ್ತು ತೆಗೆದುಕೊಳ್ಳುವವರನ್ನು ಬಿಟ್ಟು ಉಳಿದೆಲ್ಲ ವಿದೇಶಿಯರಿಗೆ ದತ್ತು ಕೊಡುವುದನ್ನು ನಿಲ್ಲಿಸಿತು. ಅಮೆರಿಕ ಒಂದಕ್ಕೇ 2004ರಲ್ಲಿ ಸುಮಾರು 23 ಸಾವಿರ ಮಕ್ಕಳು ದತ್ತು ಬಂದಿದ್ದರೆ, 2023ರಲ್ಲಿ ಆ ಸಂಖ್ಯೆ 1,300ನ್ನೂ ಮುಟ್ಟಲಿಲ್ಲ. ಈ ಅಂಕಿಗಳ ಹಿಂದೆ ಮಗುವಿಗಾಗಿ ಕೋಣೆ ಸಜ್ಜುಗೊಳಿಸಿಟ್ಟುಕೊಂಡ ಸಾವಿರಾರು ಮನೆಗಳಿವೆ.

ಅಂಥ ಮನೆಗಳಲ್ಲಿ ನಮ್ಮದೂ ಒಂದು. ಎರಡು ವರ್ಷ ನಾಲ್ಕು ತಿಂಗಳು ಒಂದು ದೇಶದ ಸರದಿಯಲ್ಲಿ ಕಾದು, ಕೊನೆಗೆ ಬೇರೆ ದೇಶಕ್ಕೆ ಬದಲಾದವರು ನಾವು. ಆಗ ನಮಗೆ ಬೇಕಾಗಿದ್ದದ್ದು ಸಮಾಧಾನದ ಮಾತಲ್ಲ, ಯಾವುದನ್ನು ಮೊದಲು ಕೇಳಬೇಕು, ಯಾವ ಕಾಗದ ಉಳಿಯುತ್ತದೆ, ಯಾವುದು ವ್ಯರ್ಥವಾಗುತ್ತದೆ, ಯಾವ ತಪ್ಪನ್ನು ಮಾಡಬಾರದು ಎಂದು ಕ್ರಮವಾಗಿ ಹೇಳುವವರು. ಆ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಕಾರಣವನ್ನು ಕಾಗದದ ಮೇಲೆ ಬರೆಯಿರಿ

ದೇಶ ಬದಲಿಸುವ ಯೋಚನೆ ಸಾಮಾನ್ಯವಾಗಿ ಬೇಸರದಲ್ಲಿ ಹುಟ್ಟುತ್ತದೆ. ಬೇಸರ ಸಹಜ, ಆದರೆ ಅದರ ಅಡಿಯಲ್ಲಿ ನಿಜವಾದ ಕಾರಣ ಯಾವುದು ಎಂಬುದನ್ನು ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆಯಾಗಿ ಕುಳಿತು ಒಂದೊಂದು ಹಾಳೆಯಲ್ಲಿ ಬರೆದು, ಆಮೇಲೆ ಹೋಲಿಸಿ ನೋಡಬೇಕು. ನಮ್ಮಿಬ್ಬರ ಹಾಳೆಗಳು ಒಂದೇ ಆಗಿರಲಿಲ್ಲ. ನಾನು 'ಸರದಿ ಮುಂದೆ ಹೋಗುತ್ತಿಲ್ಲ' ಎಂದು ಬರೆದಿದ್ದೆ, ನನ್ನ ಪತಿ 'ದತ್ತು ಸಂಸ್ಥೆಯವರು ಹೇಳುವುದರಲ್ಲಿ ನಂಬಿಕೆ ಉಳಿದಿಲ್ಲ' ಎಂದು ಬರೆದಿದ್ದರು. ಇವೆರಡೂ ಬೇರೆ ಬೇರೆ ರೋಗಗಳು, ಔಷಧವೂ ಬೇರೆ. ಎರಡನೆಯದಕ್ಕೆ ದೇಶ ಬದಲಿಸುವುದಕ್ಕಿಂತ ಮೊದಲು ಸಂಸ್ಥೆ ಬದಲಿಸಬಹುದೇ ಎಂದು ನೋಡಬೇಕಾಗುತ್ತದೆ.

ಕಾರಣಗಳಲ್ಲಿ ನಾಲ್ಕು ಬಗೆಗಳನ್ನು ಬೇರ್ಪಡಿಸಿಕೊಳ್ಳುವುದು ಉಪಯುಕ್ತ. ಆ ದೇಶ ಶಾಶ್ವತವಾಗಿ ಬಾಗಿಲು ಮುಚ್ಚಿದ್ದರೆ ಆಯ್ಕೆಯ ಪ್ರಶ್ನೆಯೇ ಇಲ್ಲ. ತಾತ್ಕಾಲಿಕವಾಗಿ ತಡೆಹಿಡಿದಿದ್ದರೆ, ಈಗಾಗಲೇ ನೋಂದಾಯಿತವಾದ ಕಡತಗಳಿಗೂ ಆ ತಡೆ ಅನ್ವಯಿಸುತ್ತದೆಯೇ, ಹೊಸ ಅರ್ಜಿಗಳಿಗೆ ಮಾತ್ರವೇ ಎಂಬುದನ್ನು ಲಿಖಿತವಾಗಿ ತಿಳಿದುಕೊಳ್ಳಬೇಕು. ನಿಯಮ ಬದಲಾಗಿ ನೀವೇ ಅನರ್ಹರಾಗಿದ್ದರೆ, ಬದಲಾವಣೆ ಹಳೆಯ ಅರ್ಜಿದಾರರಿಗೂ ಅನ್ವಯಿಸುತ್ತದೆಯೇ ಎಂದು ಕೇಳಬೇಕು. ಚೀನಾ 2007ರ ಮೇ 1ರಿಂದ ಅರ್ಜಿದಾರರ ವಯಸ್ಸು, ಮದುವೆಯ ಅವಧಿ, ದೇಹದ ತೂಕದ ಪ್ರಮಾಣಗಳ ಬಗ್ಗೆ ಬಿಗಿಯಾದ ನಿಯಮಗಳನ್ನು ತಂದಾಗ ಎಷ್ಟೋ ಕುಟುಂಬಗಳು ಕೇಳಬೇಕಾಗಿದ್ದ ಮೊದಲ ಪ್ರಶ್ನೆ ಇದೇ ಆಗಿತ್ತು. ನಾಲ್ಕನೆಯದು ಬರಿಯ ವಿಳಂಬ, ಅತ್ಯಂತ ಎಚ್ಚರದಿಂದ ತೂಗಬೇಕಾದ ಕಾರಣವೂ ಅದೇ. ವಿಳಂಬದ ಹಿಂದೆ ಆಡಳಿತದ ನಿಧಾನ ಇರಬಹುದು. ಅಥವಾ ನೀವು ಕೇಳಿರುವ ವಯಸ್ಸಿನ, ಆರೋಗ್ಯದ ಮಗು ಆ ದೇಶದಲ್ಲಿ ಹೊರಗಿನ ಕುಟುಂಬಕ್ಕಾಗಿ ಕಾಯುತ್ತಲೇ ಇಲ್ಲದಿರಬಹುದು. ಹಾಗಿದ್ದರೆ ದೇಶ ಬದಲಿಸಿದರೂ ಅದೇ ಗೋಡೆ ಎದುರಾಗುತ್ತದೆ.

ಎರಡನೆಯ ಹೆಜ್ಜೆ: ಮಗುವಿನ ಹೆಸರು ನಿಮ್ಮ ಕೈಗೆ ಬಂದಿದೆಯೇ?

ಮುಂದಿನ ಎಲ್ಲವೂ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. ರೆಫರಲ್, ಅಂದರೆ 'ಇದು ನಿಮಗೆ ನಿಗದಿಯಾದ ಮಗು' ಎಂಬ ಸೂಚನೆ, ಬರುವ ಮುಂಚೆ ದೇಶ ಬದಲಿಸುವುದೆಂದರೆ ಒಂದು ಸರದಿಯಿಂದ ಹೊರಬಂದು ಇನ್ನೊಂದು ಸರದಿಗೆ ಸೇರುವುದು. ರೆಫರಲ್ ಬಂದು, ನೀವು ಒಪ್ಪಿ, ಆ ಮಗುವಿನ ಫೋಟೋ ನಿಮ್ಮ ಬಳಿ, ನಿಮ್ಮ ಫೋಟೋ ಆ ಮಗುವಿನ ಬಳಿ ಇರುವಾಗ ದೇಶ ಬದಲಿಸುವುದೆಂದರೆ ಒಂದು ನಿರ್ದಿಷ್ಟ ಮಗುವನ್ನು ಬಿಟ್ಟು ಬರುವುದು. ಈ ಎರಡನ್ನೂ ಒಂದೇ ಮಾತಿನಲ್ಲಿ 'ಬದಲಾವಣೆ' ಎಂದು ಕರೆಯುವುದು ಸರಿಯಲ್ಲ.

ರಷ್ಯಾದ ನಿಷೇಧ ಬಂದಾಗ, ಅನಾಥಾಲಯಕ್ಕೆ ಹೋಗಿ ಮಗುವನ್ನು ಎತ್ತಿ ಆಡಿಸಿ ಬಂದಿದ್ದ ಅಮೆರಿಕದ ಕುಟುಂಬಗಳೂ ಸಿಕ್ಕಿಕೊಂಡವು. ಕೆಲವರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು, 2017ರ ಜನವರಿಯಲ್ಲಿ ಆ ನ್ಯಾಯಾಲಯ ಇದು ತಾರತಮ್ಯವೆಂದು ಅವರ ಪರವಾಗಿ ತೀರ್ಪನ್ನೂ ಕೊಟ್ಟಿತು, ಆದರೂ ನಿಷೇಧ ತೆರವಾಗಲಿಲ್ಲ. ಚೀನಾ ಬಾಗಿಲು ಮುಚ್ಚಿದಾಗಲೂ ಮಗು ನಿಗದಿಯಾಗಿದ್ದ ನೂರಾರು ಕುಟುಂಬಗಳು ಕಾಯುತ್ತಿದ್ದವು, 2020ರಲ್ಲಿ ಸಾಂಕ್ರಾಮಿಕದ ಕಾರಣಕ್ಕೆ ಪ್ರಯಾಣ ನಿಂತಲ್ಲಿಂದ ಲೆಕ್ಕ ಹಾಕಿದರೆ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ. ಇಂಥ ಸ್ಥಿತಿಯಲ್ಲಿ ಇರುವವರಿಗೆ ನನ್ನ ಸಲಹೆ ಇಷ್ಟು: ನಿಮ್ಮ ದೇಶದ ಕೇಂದ್ರ ಪ್ರಾಧಿಕಾರ (ಹೊರದೇಶದ ದತ್ತುಗಳನ್ನು ನೋಡಿಕೊಳ್ಳುವ ಸರ್ಕಾರಿ ಕಚೇರಿ) ಅಥವಾ ವಿದೇಶಾಂಗ ಇಲಾಖೆಯಿಂದ ಬರವಣಿಗೆಯಲ್ಲಿ ಸ್ಪಷ್ಟ ಉತ್ತರ ಬರುವವರೆಗೆ ಹೊಸ ದೇಶಕ್ಕೆ ಸಹಿ ಹಾಕಬೇಡಿ. ಉತ್ತರ 'ಇಲ್ಲ' ಎಂದಾದರೆ, ಆ ಮಗುವಿಗೆ ಸ್ಥಳೀಯವಾಗಿ ಯಾವ ವ್ಯವಸ್ಥೆಯಾಯಿತು ಎಂದು ತಿಳಿಯಲು ಪ್ರಯತ್ನಿಸಿ. ತಿಳಿಯದೇ ಹೋಗಬಹುದು, ಆದರೂ ಕೇಳಿ. ಕಾಗದ, ಫೋಟೋ, ಪತ್ರಗಳೆಲ್ಲವನ್ನೂ ಜೋಪಾನವಾಗಿ ಇಡಿ. ಆ ಮಗು ದೊಡ್ಡದಾದ ಮೇಲೆ ತನ್ನನ್ನು ಯಾರಾದರೂ ಕೇಳಿ ಬಂದಿದ್ದರೇ ಎಂದು ಹುಡುಕಿದರೆ ಅದಕ್ಕೆ ಉತ್ತರ ನಿಮ್ಮ ಕಪಾಟಿನಲ್ಲಿ ಇರಬೇಕು.

ರೆಫರಲ್ ಬಂದಿಲ್ಲದವರು ಮುಂದಿನ ಹೆಜ್ಜೆಗೆ ಹೋಗಬಹುದು.

ಮೂರನೆಯ ಹೆಜ್ಜೆ: ಕಡತವನ್ನು ಬಿಚ್ಚಿ ಮೇಜಿನ ಮೇಲೆ ಹರಡಿ

ಒಂದು ರಾತ್ರಿ, ಮಗಳು ಮಲಗಿದ ಮೇಲೆ, ನಾವು ನಮ್ಮ ಕಡತದ ಪ್ರತಿಯನ್ನು ಊಟದ ಮೇಜಿನ ಮೇಲೆ ಒಂದೊಂದೇ ಹಾಳೆಯಾಗಿ ಹರಡಿದೆವು. ಜನನ ಪ್ರಮಾಣಪತ್ರಗಳು, ವಿವಾಹ ಪ್ರಮಾಣಪತ್ರ, ಪೊಲೀಸ್ ಕ್ಲಿಯರೆನ್ಸ್, ವೈದ್ಯಕೀಯ ಪ್ರಮಾಣಪತ್ರ, ಉದ್ಯೋಗದಾತರ ಪತ್ರ, ಬ್ಯಾಂಕಿನ ಹೇಳಿಕೆ, ತೆರಿಗೆ ಕಾಗದಗಳು, ಪರಿಚಯ ಪತ್ರಗಳು, ಮನೆಯ ಚಿತ್ರಗಳು. ಪ್ರತಿಯೊಂದರ ಹಿಂದೆ ನೋಟರಿಯ ಮೊಹರು, ಅದರ ಹಿಂದೆ ಅಪೋಸ್ಟಿಲ್ (ಕಾಗದ ಹೊರದೇಶದಲ್ಲಿ ನಡೆಯಲೆಂದು ಸರ್ಕಾರ ಕೊಡುವ ಪ್ರಮಾಣೀಕರಣ), ಅದರ ಹಿಂದೆ ಅನುವಾದ, ಎಲ್ಲಕ್ಕೂ ಸೇರಿಸಿ ಪಿನ್ ಹೊಡೆದ ಮೂಲೆ. ಪತಿ ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆದು, ಕಾಗದದ ಹೆಸರು, ಮಾಡಿಸಿದ ದಿನ, ಅವಧಿ ಮುಗಿಯುವ ದಿನ ಎಂದು ಬರೆಯುತ್ತಾ ಹೋದರು. ನನ್ನ ವೈದ್ಯಕೀಯ ಪ್ರಮಾಣಪತ್ರದ ಅವಧಿ ಮೂರು ದಿನದ ಹಿಂದೆಯೇ ಮುಗಿದಿತ್ತು. ಯಾರೂ ನಮಗೆ ಹೇಳಿರಲಿಲ್ಲ. ನೀವೂ ಈ ಹಾಳೆಯನ್ನು ಮಾಡಿಕೊಳ್ಳಿ, ಮುಂದಿನ ಎಲ್ಲ ನಿರ್ಧಾರಗಳಿಗೂ ಇದೇ ಆಧಾರ.

ಈಗ ಯಾವುದು ಹೊಸ ದೇಶಕ್ಕೂ ನಡೆಯುತ್ತದೆ ಎಂದು ವಿಂಗಡಿಸಿ. ಜನನ, ವಿವಾಹದ ದಾಖಲೆಗಳು ಮೂಲದಲ್ಲಿ ಬದಲಾಗುವುದಿಲ್ಲ, ಆದರೆ ಹೊಸ ದೃಢೀಕೃತ ಪ್ರತಿ ಬೇಕಾಗಬಹುದು. ಒಂದು ದೇಶದ ಪ್ರಾಧಿಕಾರಕ್ಕೆ ಬರೆದ ಮನವಿ ಪತ್ರ, ಅಲ್ಲಿನ ವಕೀಲರಿಗೆ ಕೊಟ್ಟ ಅಧಿಕಾರ ಪತ್ರ, ಆ ಭಾಷೆಯ ಅನುವಾದ, ಆ ದೇಶದ ನಮೂನೆಯಲ್ಲೇ ತುಂಬಿಸಿದ ವೈದ್ಯಕೀಯ ವರದಿ ಇವೆಲ್ಲ ಇನ್ನೊಂದು ದೇಶಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಹೊಸ ದೇಶ ಹಳೆಯದು ಕೇಳದೇ ಇದ್ದದ್ದನ್ನು ಕೇಳಬಹುದು. ಉದಾಹರಣೆಗೆ ಕೊಲಂಬಿಯಾ ದಂಪತಿಯ ಮಾನಸಿಕ ಮೌಲ್ಯಮಾಪನದ ವರದಿಯನ್ನು ಕೇಳುತ್ತದೆ. ಅಪೋಸ್ಟಿಲ್ ವಿಷಯದಲ್ಲೂ ಎಚ್ಚರ ಬೇಕು: 1961ರ ಅಪೋಸ್ಟಿಲ್ ಒಡಂಬಡಿಕೆಗೆ ಸೇರಿದ ದೇಶವಾದರೆ ಒಂದೇ ಪ್ರಮಾಣೀಕರಣ ಸಾಕು, ಸೇರದ ದೇಶವಾದರೆ ರಾಯಭಾರ ಕಚೇರಿಯ ದೃಢೀಕರಣದವರೆಗೂ ಕಾಗದ ಅಲೆಯಬೇಕು. ಈ ಪಟ್ಟಿ ಬದಲಾಗುತ್ತಲೇ ಇರುತ್ತದೆ, ಚೀನಾದಲ್ಲಿ ಅದು ಜಾರಿಗೆ ಬಂದದ್ದು 2023ರ ನವೆಂಬರ್‌ನಲ್ಲಿ ಮಾತ್ರ. ಆದ್ದರಿಂದ ಹಿಂದೆ ದತ್ತು ಪಡೆದ ಪರಿಚಯದವರ ಅನುಭವವನ್ನೇ ನಂಬಿ ಕಾಗದ ಮಾಡಿಸಬೇಡಿ.

ಹೋಮ್ ಸ್ಟಡಿ ವರದಿ (ಸಮಾಜ ಕಾರ್ಯಕರ್ತರು ನಿಮ್ಮ ಮನೆ, ಕುಟುಂಬವನ್ನು ನೋಡಿ ಬರೆಯುವ ವರದಿ) ಮತ್ತು ನಿಮ್ಮ ಸರ್ಕಾರದ ಮಂಜೂರಾತಿ ಇವೆರಡೂ ಪ್ರತ್ಯೇಕ ಗಮನ ಬೇಡುವಂಥವು. ಹೋಮ್ ಸ್ಟಡಿಯಲ್ಲಿ ಸಾಮಾನ್ಯವಾಗಿ ಯಾವ ದೇಶದಿಂದ, ಎಷ್ಟು ವಯಸ್ಸಿನ, ಯಾವ ಆರೋಗ್ಯಸ್ಥಿತಿಯ ಮಗು ಎಂಬುದು ನಮೂದಾಗಿರುತ್ತದೆ. ದೇಶದ ಹೆಸರನ್ನು ಅಳಿಸಿ ಇನ್ನೊಂದನ್ನು ಬರೆದರೆ ಅದು ಪರಿಷ್ಕರಣೆಯಾಗುವುದಿಲ್ಲ, ಸಮಾಜ ಕಾರ್ಯಕರ್ತರು ಮತ್ತೆ ಬಂದು ಮಾತನಾಡಿ ಪರಿಷ್ಕೃತ ವರದಿ ಕೊಡಬೇಕು.

ಸರ್ಕಾರದ ಮಂಜೂರಾತಿಯಲ್ಲಿ ಮುಖ್ಯವಾದ ಗೆರೆ, ದೇಶದಿಂದ ದೇಶಕ್ಕೆ ನಡೆಯುವ ದತ್ತುಗಳಿಗೆ ನಿಯಮ ಹಾಕುವ ಹೇಗ್ ಒಡಂಬಡಿಕೆ. 1993ರ ಮೇ 29ರ ಈ ಒಡಂಬಡಿಕೆಗೆ ಇಂದು ನೂರಕ್ಕೂ ಹೆಚ್ಚು ದೇಶಗಳು ಸೇರಿವೆ, ಸೇರಿದ ದೇಶಗಳಿಗೂ ಸೇರದ ದೇಶಗಳಿಗೂ ಪ್ರಕ್ರಿಯೆ ಬೇರೆ. ಅಮೆರಿಕವನ್ನೇ ಉದಾಹರಣೆಗೆ ತೆಗೆದುಕೊಂಡರೆ, ಹೇಗ್ ದೇಶಗಳಿಗೆ ಐ-800ಎ ಅರ್ಜಿ, ಇತರ ದೇಶಗಳಿಗೆ ಐ-600ಎ ಅರ್ಜಿ. ಒಂದು ಹೇಗ್ ದೇಶದಿಂದ ಇನ್ನೊಂದು ಹೇಗ್ ದೇಶಕ್ಕೆ ಹೋಗುವವರು ಪರಿಷ್ಕೃತ ಹೋಮ್ ಸ್ಟಡಿಯೊಂದಿಗೆ ಪೂರಕ ಅರ್ಜಿ ಹಾಕಿದರೆ ಸಾಕು, ಆದರೆ ಹೇಗ್ ದೇಶದಿಂದ ಹೇಗ್ ಅಲ್ಲದ ದೇಶಕ್ಕೆ ದಾಟುವವರು ಇನ್ನೊಂದು ಬಗೆಯ ಅರ್ಜಿಯನ್ನು ಹೊಸದಾಗಿಯೇ ಹಾಕಬೇಕು. ನಿಮ್ಮ ದೇಶದ ಅರ್ಜಿಯ ಹೆಸರು ಬೇರೆಯಾಗಿರುತ್ತದೆ, ಆದರೆ ಕೇಳಬೇಕಾದ ಪ್ರಶ್ನೆ ಒಂದೇ: ಈಗಿರುವ ಮಂಜೂರಾತಿ ಹೊಸ ದೇಶಕ್ಕೆ ತಿದ್ದುಪಡಿಯಿಂದ ನಡೆಯುತ್ತದೆಯೇ, ಅಥವಾ ಮೊದಲಿನಿಂದ ಆರಂಭಿಸಬೇಕೇ? ಮಂಜೂರಾತಿಗೂ ಬೆರಳಚ್ಚಿನ ಪರಿಶೀಲನೆಗೂ ಅವಧಿ ಇರುತ್ತದೆ ಎಂಬುದನ್ನು ಮರೆತು ಅಂಚಿಗೆ ಬಂದು ನಿಲ್ಲಬೇಡಿ.

ಇನ್ನೊಂದು ಮಾತು. ಹಳೆಯ ದೇಶದ ಸರದಿಯನ್ನು ಬಿಡದೆ, ಸದ್ದಿಲ್ಲದೆ ಹೊಸ ದೇಶಕ್ಕೂ ಅರ್ಜಿ ಹಾಕುವ ಆಸೆ ಬರುತ್ತದೆ. ಅನೇಕ ದೇಶಗಳೂ ಸಂಸ್ಥೆಗಳೂ ಇದನ್ನು ಒಪ್ಪುವುದಿಲ್ಲ. ಒಪ್ಪುವುದಾದರೆ ಲಿಖಿತ ಅನುಮತಿ ಪಡೆದೇ ಮಾಡಿ. ಎರಡು ಕಡೆಯಿಂದಲೂ ಒಂದೇ ವಾರದಲ್ಲಿ ರೆಫರಲ್ ಬಂದರೆ, ಯಾರೋ ಒಂದು ಮಗುವಿಗೆ 'ಬೇಡ' ಎಂದು ಹೇಳುವವರು ನೀವೇ ಆಗುತ್ತೀರಿ.

ನಾಲ್ಕನೆಯ ಹೆಜ್ಜೆ: ಹೊಸ ದೇಶವನ್ನು ಆರಿಸುವುದು

ನಾನು ಅತ್ಯಂತ ಗಟ್ಟಿಯಾಗಿ ಹೇಳಬಯಸುವ ಮಾತು ಇಲ್ಲಿದೆ. ದಣಿದ ಕುಟುಂಬ ಕೇಳುವ ಮೊದಲ ಪ್ರಶ್ನೆ 'ಎಲ್ಲಿ ಬೇಗ ಆಗುತ್ತದೆ?' ಎಂಬುದು. ಈ ಪ್ರಶ್ನೆಯನ್ನು ಸಾವಿರಾರು ಕುಟುಂಬಗಳು ಒಟ್ಟಿಗೆ ಕೇಳಿದಾಗ ಏನಾಗುತ್ತದೆ ಎಂಬುದಕ್ಕೆ ಇತಿಹಾಸವಿದೆ. ಚೀನಾದಲ್ಲಿ 2005ರ ಸುಮಾರಿಗೆ ಒಂದು ವರ್ಷದೊಳಗೆ ಮುಗಿಯುತ್ತಿದ್ದ ಕಾಯುವಿಕೆ ಮುಂದೆ ವರ್ಷಗಟ್ಟಲೆ ಬೆಳೆಯುತ್ತಾ ಹೋದಾಗ, ಅನೇಕರು ಇಥಿಯೋಪಿಯಾದತ್ತ ತಿರುಗಿದರು. ಅಲ್ಲಿಂದ ಅಮೆರಿಕಕ್ಕೆ ಹೋದ ಮಕ್ಕಳ ಸಂಖ್ಯೆ 2010ರಲ್ಲಿ ಸುಮಾರು 2,500ಕ್ಕೆ ಏರಿತು. ಅದಕ್ಕೂ ಮುಂಚೆ ಗ್ವಾಟೆಮಾಲಾ ಹಾಗೆಯೇ ಬೆಳೆದಿತ್ತು, 2007ರಲ್ಲಿ ಆ ಪುಟ್ಟ ದೇಶದಿಂದ ಅಮೆರಿಕ ಒಂದಕ್ಕೇ 4,700ರಷ್ಟು ಮಕ್ಕಳು ಹೋದರು. ಎರಡೂ ಕಡೆ ವೇಗದ ಹಿಂದೆಯೇ ದಲ್ಲಾಳಿಗಳು ಬಂದರು, ತಾಯಂದಿರಿಗೆ ಸುಳ್ಳು ಹೇಳಿ ಸಹಿ ಮಾಡಿಸಿಕೊಂಡ, ತಂದೆತಾಯಿ ಬದುಕಿದ್ದರೂ ಅನಾಥವೆಂದು ಕಾಗದ ಮಾಡಿಸಿದ ಪ್ರಕರಣಗಳು ಬೆಳಕಿಗೆ ಬಂದವು. ಕಾಂಬೋಡಿಯಾದಲ್ಲಿ ಮಕ್ಕಳ ಖರೀದಿಯ ಆರೋಪಗಳಿಂದಾಗಿ ಅಮೆರಿಕ 2001ರ ಡಿಸೆಂಬರ್‌ನಲ್ಲೇ ದತ್ತುಗಳನ್ನು ನಿಲ್ಲಿಸಿತ್ತು. ಹಣ ಹಿಡಿದು ಕಾಯುವ ಒಳ್ಳೆಯ ಮನಸ್ಸಿನ ಕುಟುಂಬಗಳು ಒಂದು ಬಡ ದೇಶದ ಬಾಗಿಲಲ್ಲಿ ಕಿಕ್ಕಿರಿದು ನಿಂತಾಗ, ಆ ಒತ್ತಡವೇ ತಾಯಿಯಿಂದ ಮಗುವನ್ನು ಬೇರ್ಪಡಿಸುವ ಶಕ್ತಿಯಾಗುತ್ತದೆ. ದೇಶ ಬದಲಿಸುವವರು ನಾವೇ ಆದ್ದರಿಂದ ಈ ಹೊಣೆಯಲ್ಲಿ ನಮ್ಮ ಪಾಲಿದೆ.

ಆದ್ದರಿಂದ ಪ್ರಶ್ನೆಯನ್ನು ತಿರುಗಿಸಿ ಕೇಳಿ: ಹೊರದೇಶದ ಕುಟುಂಬಕ್ಕಾಗಿ ನಿಜವಾಗಿ ಕಾಯುತ್ತಿರುವ ಮಕ್ಕಳು ಆ ದೇಶದಲ್ಲಿ ಯಾರು? ಹೇಗ್ ಒಡಂಬಡಿಕೆಯ ತಿರುಳೇ ಇದು. ಮಗು ಹುಟ್ಟಿದ ದೇಶದಲ್ಲಿ ಅದಕ್ಕೊಂದು ಕುಟುಂಬ ಸಿಗುವ ಸಾಧ್ಯತೆಯನ್ನು ಮೊದಲು ಪರಿಶೀಲಿಸಿ, ಅದು ಆಗದಿದ್ದರೆ ಮಾತ್ರ ಹೊರಗಿನ ದತ್ತು ಎಂದು ಅದರ ನಾಲ್ಕನೆಯ ವಿಧಿ ಹೇಳುತ್ತದೆ. ಈ ನಿಯಮವನ್ನು ಪ್ರಾಮಾಣಿಕವಾಗಿ ಪಾಲಿಸುವ ದೇಶದಲ್ಲಿ ಆರೋಗ್ಯವಂತ ಶಿಶುಗಳು ಅಲ್ಲಿಯೇ ದತ್ತು ಹೋಗುತ್ತಾರೆ. ಹೊರಗಿನವರಿಗಾಗಿ ಉಳಿಯುವವರು ದೊಡ್ಡ ಮಕ್ಕಳು, ಅಣ್ಣತಮ್ಮ ಅಕ್ಕತಂಗಿಯರ ಗುಂಪುಗಳು, ಚಿಕಿತ್ಸೆ ಬೇಕಾದ ಮಕ್ಕಳು. ಕೊಲಂಬಿಯಾ 2013ರ ಜುಲೈಯಿಂದ, ಕೊಲಂಬಿಯಾ ಮೂಲದವರಲ್ಲದ ವಿದೇಶಿ ಕುಟುಂಬಗಳಿಂದ 6 ವರ್ಷ 11 ತಿಂಗಳಿಗಿಂತ ಚಿಕ್ಕ ಆರೋಗ್ಯವಂತ ಮಕ್ಕಳಿಗಾಗಿ ಹೊಸ ಅರ್ಜಿಗಳನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಕಾಯುವವರಿಗೆ ಇದು ನಿರಾಶೆಯ ಸುದ್ದಿ ಅನ್ನಿಸಬಹುದು. ನನಗೆ ಅದು ಒಳ್ಳೆಯ ಆಡಳಿತದ ಗುರುತಾಗಿ ಕಂಡಿತು. ಶಿಶುಗಳನ್ನು ಬೇಗ ಕೊಡುತ್ತೇವೆ ಎಂದು ಯಾವುದಾದರೂ ಸಂಸ್ಥೆ ಹೇಳಿದರೆ, ಆ ಶಿಶುಗಳಿಗೆ ಅವರ ದೇಶದಲ್ಲಿಯೇ ಕುಟುಂಬ ಏಕೆ ಸಿಗಲಿಲ್ಲ ಎಂದು ಕೇಳಿ, ಉತ್ತರ ತೃಪ್ತಿಕರವಾಗಿರದಿದ್ದರೆ ಹಿಂದೆ ಸರಿಯಿರಿ.

ಆಮೇಲೆ ಅರ್ಹತೆಯ ನಿಯಮಗಳು. ಇವು ದೇಶದಿಂದ ದೇಶಕ್ಕೆ ಎಷ್ಟು ಬೇರೆಯಾಗುತ್ತವೆ ಎಂದರೆ, ಒಂದು ಕಡೆ ಸುಲಭವಾಗಿ ಅರ್ಹರಾದವರು ಇನ್ನೊಂದು ಕಡೆ ಅರ್ಜಿಯನ್ನೇ ಹಾಕುವಂತಿರುವುದಿಲ್ಲ. ಭಾರತದ 2022ರ ದತ್ತು ನಿಯಮಾವಳಿಯ ಪ್ರಕಾರ ಎರಡು ವರ್ಷದೊಳಗಿನ ಮಗುವಿಗೆ ದಂಪತಿಯ ಒಟ್ಟು ವಯಸ್ಸು 85 ಮೀರಬಾರದು, ಒಂಟಿ ಪುರುಷನಿಗೆ ಹೆಣ್ಣುಮಗುವನ್ನು ದತ್ತು ಕೊಡುವುದಿಲ್ಲ. ಕಾದು ಕಾದು ನಿಮ್ಮ ವಯಸ್ಸೂ ಏರಿರುತ್ತದೆ. ಮೊದಲ ಅರ್ಜಿಯ ದಿನದ ವಯಸ್ಸನ್ನು ಇಟ್ಟುಕೊಂಡು ಲೆಕ್ಕ ಹಾಕಿದರೆ ತಪ್ಪುತ್ತದೆ. ಹಿಂದಿನ ಕಾಯಿಲೆ, ವಿಚ್ಛೇದನ, ಮನೆಯಲ್ಲಿರುವ ಮಕ್ಕಳ ಸಂಖ್ಯೆ ಇವುಗಳ ಬಗ್ಗೆಯೂ ಮೊದಲೇ ಹೇಳಿ ಕೇಳಿ. ಮುಚ್ಚಿಟ್ಟು ಮುಂದೆ ಹೋದ ಸಂಗತಿ, ಮಗು ಸಿಗುವ ಹೊತ್ತಿಗೆ ಅಡ್ಡ ಬರುತ್ತದೆ.

ಪ್ರಯಾಣದ ನಿಯಮವನ್ನೂ ನೋಡಿ. ಬಲ್ಗೇರಿಯಾ ಎರಡು ಸಲ ಬರಬೇಕೆನ್ನುತ್ತದೆ, ಮೊದಲ ಸಲ ಐದು ದಿನ ಮಗುವಿನೊಡನೆ ಕಳೆಯಬೇಕು. ಕೊಲಂಬಿಯಾದಲ್ಲಿ ವಾರಗಟ್ಟಲೆ ಉಳಿಯಬೇಕಾಗುತ್ತದೆ. ಮನೆಗೆ ಬಂದ ಮೇಲಿನ ವರದಿಗಳೂ ಇದೇ ಲೆಕ್ಕಕ್ಕೆ ಸೇರಬೇಕು: ಭಾರತ ಎರಡು ವರ್ಷದವರೆಗೆ ಕೇಳುತ್ತದೆ, ಮಗುವಿಗೆ 18 ತುಂಬುವವರೆಗೂ ಕೇಳುವ ದೇಶಗಳಿವೆ. ಈ ವರದಿಗಳನ್ನು ಕಳುಹಿಸುವುದು ಹಿಂದೆ ಬರುವ ಕುಟುಂಬಗಳ ಮೇಲೂ ಪರಿಣಾಮ ಬೀರುತ್ತದೆ, ಏಕೆಂದರೆ ತಾನು ಕಳುಹಿಸಿದ ಮಕ್ಕಳ ಸುದ್ದಿ ಬಾರದಿದ್ದರೆ ಆ ದೇಶದ ನಂಬಿಕೆ ಕುಂದುತ್ತದೆ.

ಐದನೆಯ ಹೆಜ್ಜೆ: ಸಂಸ್ಥೆ ಮತ್ತು ಹಣ

ಹಳೆಯ ಸಂಸ್ಥೆಗೆ ಹೊಸ ದೇಶದಲ್ಲಿಯೂ ಪರವಾನಗಿ ಇದೆಯೇ? ಇದ್ದರೆ, ಕಟ್ಟಿದ ಶುಲ್ಕದಲ್ಲಿ ಎಷ್ಟು ಹೊಸ ದೇಶದ ಲೆಕ್ಕಕ್ಕೆ ವರ್ಗವಾಗುತ್ತದೆ? ಇಲ್ಲದಿದ್ದರೆ, ನಮ್ಮ ಕಡತ ಮತ್ತು ಹೋಮ್ ಸ್ಟಡಿಯ ಮೇಲೆ ಹಕ್ಕು ಯಾರದು? ಈ ಮೂರಕ್ಕೂ ನೀವು ಸಹಿ ಹಾಕಿದ ಕರಾರಿನಲ್ಲೇ ಉತ್ತರ ಇರಬೇಕು, ಅದನ್ನು ತೆಗೆದು ಓದಿ. ನಮ್ಮ ಮೊದಲ ಸಂಸ್ಥೆ 'ದೇಶದ ಶುಲ್ಕ' ಎಂದು ತೆಗೆದುಕೊಂಡಿದ್ದ ಮೊತ್ತ ಆ ದೇಶಕ್ಕೆ ಇನ್ನೂ ಹೋಗಿಯೇ ಇರಲಿಲ್ಲ, ಆದರೂ ಹಿಂದಿರುಗಿಸುವುದಿಲ್ಲ ಎಂದರು. ಕರಾರಿನ ಆರನೆಯ ಪುಟದಲ್ಲಿ ಅದು ಹಾಗೆಯೇ ಬರೆದಿತ್ತು. ನಾವು ಆ ಪುಟವನ್ನು ಓದಿ ಸಹಿ ಹಾಕಿರಲಿಲ್ಲ. ಎರಡನೆಯ ಸಂಸ್ಥೆಯೊಂದಿಗೆ ಮಾತನಾಡುವಾಗ ನಾನು ಕೇಳಿದ ಮೊದಲ ಪ್ರಶ್ನೆ, ದೇಶ ಮುಚ್ಚಿದರೆ ಯಾವ ಹಂತದಲ್ಲಿ ಎಷ್ಟು ಹಣ ಹಿಂದಿರುಗುತ್ತದೆ ಎಂಬುದು.

ಹೋದ ಹಣವನ್ನು ಮುಂದಿನ ನಿರ್ಧಾರದ ತಕ್ಕಡಿಗೆ ಹಾಕಬೇಡಿ. 'ಇಷ್ಟು ಖರ್ಚು ಮಾಡಿದ್ದೇವೆ, ಈಗ ಬಿಟ್ಟರೆ ಹೇಗೆ' ಎಂದು ಮುಚ್ಚುತ್ತಿರುವ ದೇಶದಲ್ಲಿ ಉಳಿದವರನ್ನೂ ಕಂಡಿದ್ದೇನೆ, 'ಇಷ್ಟು ಖರ್ಚಾಗಿದೆ, ಇನ್ನು ಬೇಗ ಮುಗಿಯಲಿ' ಎಂದು ಅನುಮಾನಾಸ್ಪದ ದಾರಿಗೆ ಇಳಿದವರನ್ನೂ ಕಂಡಿದ್ದೇನೆ. ಹೊಸ ದೇಶದ ಪೂರ್ಣ ಖರ್ಚನ್ನು ಸೊನ್ನೆಯಿಂದ ಲೆಕ್ಕ ಹಾಕಿ, ಅದು ಕೈಗೆಟುಕುವುದೇ ಎಂದು ನೋಡಿ. ಮಗುವಿಗೆ ಚಿಕಿತ್ಸೆ ಬೇಕಾಗಬಹುದಾದರೆ ಅದಕ್ಕೂ ಪ್ರತ್ಯೇಕವಾಗಿ ಹಣ ಎತ್ತಿಡಿ. ರಸೀದಿ ಕೊಡದ ಯಾವ ಪಾವತಿಯನ್ನೂ ಮಾಡಬೇಡಿ, ಅಲ್ಲಿಗೆ ಹೋದಾಗ ನಗದು ರೂಪದಲ್ಲಿ 'ದೇಣಿಗೆ' ಕೊಡಬೇಕೆಂದು ಹೇಳಿದರೆ ಅದು ಎಲ್ಲಿಗೆ ಹೋಗುತ್ತದೆ ಎಂದು ಬರವಣಿಗೆಯಲ್ಲಿ ಕೇಳಿ. ಮಗುವಿನ ತಂದೆತಾಯಿ ಅಥವಾ ಪೋಷಕರ ಒಪ್ಪಿಗೆ ಪೂರ್ಣವಾಗುವ ಮೊದಲು ಅವರನ್ನು ನಿಮಗೆ ಭೇಟಿ ಮಾಡಿಸುತ್ತೇವೆ ಎನ್ನುವವರಿಂದಲೂ ದೂರವಿರಿ. ಹೇಗ್ ಒಡಂಬಡಿಕೆಯ 29ನೆಯ ವಿಧಿ ಅದನ್ನು ತಡೆಯುವುದು, ಆ ಒಪ್ಪಿಗೆಯನ್ನು ಯಾರೂ ಕೊಂಡುಕೊಳ್ಳದಿರಲಿ ಎಂದೇ.

ಆರನೆಯ ಹೆಜ್ಜೆ: ನಿಮ್ಮನ್ನೇ ಮತ್ತೆ ಸಿದ್ಧಗೊಳಿಸಿಕೊಳ್ಳುವುದು

ದೇಶ ಬದಲಾದಾಗ ನಿಮಗೆ ಬರಬಹುದಾದ ಮಗುವೂ ಬದಲಾಗುತ್ತದೆ. ಒಂದೂವರೆ ವರ್ಷದ ಮಗುವಿಗೆಂದು ಸಿದ್ಧವಾದ ಮನೆ ಎಂಟು ವರ್ಷದ ಹುಡುಗನಿಗೆ ತಾನಾಗಿ ಸಿದ್ಧವಾಗುವುದಿಲ್ಲ. ಹೊಸ ದೇಶದ ಪಟ್ಟಿಯಲ್ಲಿರುವ ಆರೋಗ್ಯಸ್ಥಿತಿಗಳ ಹಾಳೆಯನ್ನು ನಿಮ್ಮ ಮುಂದಿಟ್ಟು ಗುರುತು ಹಾಕಲು ಹೇಳುತ್ತಾರೆ. ಅದನ್ನು ಸಂಜೆಯೊಂದರಲ್ಲಿ ತುಂಬಿ ಮುಗಿಸಬೇಡಿ. ಮಕ್ಕಳ ವೈದ್ಯರೊಬ್ಬರ ಜೊತೆ ಕುಳಿತು, ಪ್ರತಿಯೊಂದು ಸ್ಥಿತಿಗೆ ಬೇಕಾಗುವ ಶಸ್ತ್ರಚಿಕಿತ್ಸೆ, ನಿತ್ಯದ ಆರೈಕೆ, ಶಾಲೆಯಲ್ಲಿ ಬೇಕಾಗುವ ನೆರವು ಏನೆಂದು ಕೇಳಿ, ಆಮೇಲೆ ಗುರುತು ಹಾಕಿ. ಸರದಿ ಮುಂದೆ ಹೋಗಲಿ ಎಂಬ ಆಸೆಯಿಂದ ಹಾಕಿದ ಒಂದು ಗುರುತು, ನಿಮ್ಮಿಂದ ನೋಡಿಕೊಳ್ಳಲಾಗದ ಮಗುವನ್ನು ನಿಮ್ಮ ಮನೆಗೆ ತರಬಹುದು. ಆಗ ನಿಜವಾದ ಪೆಟ್ಟು ಬೀಳುವುದು ಆ ಮಗುವಿಗೆ. 'ಇದು ನಮ್ಮಿಂದ ಆಗದು' ಎಂದು ಪ್ರಾಮಾಣಿಕವಾಗಿ ಬಿಟ್ಟ ಖಾಲಿ ಚೌಕಕ್ಕೆ ನಾಚಿಕೆಪಡಬೇಕಾಗಿಲ್ಲ.

ದೊಡ್ಡ ಮಗುವಾದರೆ ಭಾಷೆಯ ಪ್ರಶ್ನೆ ಬರುತ್ತದೆ. ಮೊದಲ ದೇಶದ ಭಾಷೆಯಲ್ಲಿ ಕಲಿತ ಹತ್ತಾರು ಮಾತುಗಳನ್ನು ಬಿಟ್ಟು ಹೊಸದಾಗಿ ಕಲಿಯಬೇಕು. 'ಹಸಿವಾಗಿದೆಯಾ', 'ನೋವಾಗುತ್ತಿದೆಯಾ', 'ನಾನು ಇಲ್ಲೇ ಇದ್ದೇನೆ' ಎಂಬಂಥ ಮಾತುಗಳನ್ನು ಮೊದಲು ಕಲಿಯಿರಿ.

ಏಳನೆಯ ಹೆಜ್ಜೆ: ಮನೆಯವರಿಗೆ ಹೇಳುವುದು

ಇದನ್ನು ನಾವು ತಡಮಾಡಿದೆವು, ಆಗ ಏಳು ವರ್ಷದವಳಾಗಿದ್ದ ನಮ್ಮ ಮಗಳು ಅದಕ್ಕೆ ಬೆಲೆ ತೆತ್ತಳು. ಅವಳ ಕೋಣೆಯ ಗೋಡೆಯ ಮೇಲೆ ಮೊದಲ ದೇಶದ ನಕಾಶೆ ಇತ್ತು. ಒಂದು ಭಾನುವಾರ ನಾನು ಅದನ್ನು ಮಾತಿಲ್ಲದೆ ತೆಗೆದು ಸುತ್ತಿಟ್ಟೆ. ಅವಳು ನಾಲ್ಕು ಮೂಲೆಗಳಲ್ಲಿ ಉಳಿದ ಟೇಪಿನ ತುಂಡುಗಳನ್ನು ನೋಡುತ್ತಾ, 'ತಮ್ಮ ಸತ್ತುಹೋದನಾ?' ಎಂದು ಕೇಳಿದಳು. ನಮಗೆ ಅದೊಂದು ಕಡತವಾಗಿತ್ತು, ಅವಳಿಗೆ ಆಗಲೇ ತಮ್ಮ.

ನಿರ್ಧಾರವಾದ ದಿನವೇ ಮಕ್ಕಳಿಗೆ ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿ. ಆ ದೇಶದಲ್ಲಿ ನಮಗಾಗಿ ಒಂದು ಮಗುವನ್ನು ಇನ್ನೂ ಆರಿಸಿರಲಿಲ್ಲ, ಆದ್ದರಿಂದ ಯಾರನ್ನೂ ಬಿಟ್ಟುಬಂದಿಲ್ಲ ಎಂಬುದು ನಿಜವಾಗಿದ್ದರೆ ಅದನ್ನು ಸ್ಪಷ್ಟವಾಗಿ ಹೇಳಿ. ನಿಜವಲ್ಲದಿದ್ದರೆ ಹಾಗೆ ಹೇಳಬೇಡಿ. ಅಜ್ಜ ಅಜ್ಜಿಯರಿಗೂ ಅದೇ ದಿನ ಹೇಳಿ, 'ಇನ್ನೂ ಎಷ್ಟು ದಿನ' ಎಂಬ ಪ್ರಶ್ನೆಗೆ ಗೊತ್ತಿಲ್ಲ ಎಂದೇ ಉತ್ತರಿಸಿ. ನಿಮಗೂ ದುಃಖವಾಗುತ್ತದೆ. ಕಾಣದ ಮಗುವಿಗಾಗಿ ಅಳುವುದರಲ್ಲಿ ಅರ್ಥವಿಲ್ಲ ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ಆದರೆ ಆ ದುಃಖ ಆರುವ ಮೊದಲೇ ಹೊಸ ದೇಶದ ರೆಫರಲ್ ಬಂದರೆ, ಬರುವ ಮಗುವನ್ನು ಮೊದಲಿನ ಕಲ್ಪನೆಗೆ ಹೋಲಿಸಿ ನೋಡುವ ಅಪಾಯವಿದೆ, ಅದಕ್ಕಾಗಿ ಎರಡು ಮೂರು ತಿಂಗಳು ಕಳೆಯುವುದು ಒಳ್ಳೆಯದು. ಹೇಗೂ ಕಾಗದಗಳಿಗೆ ಅಷ್ಟು ಸಮಯ ಬೇಕಾಗುತ್ತದೆ.

ಕೊನೆಯ ಹೆಜ್ಜೆ: ಹಳೆಯ ಕಡತವನ್ನು ಸರಿಯಾಗಿ ಮುಚ್ಚುವುದು

ಹೊಸ ದೇಶ ಮತ್ತು ಸಂಸ್ಥೆ ಖಚಿತವಾಗಿ, ನಿಮ್ಮ ಸರ್ಕಾರದ ಮಂಜೂರಾತಿಯ ದಾರಿ ಸ್ಪಷ್ಟವಾದ ಮೇಲೆ, ಮೊದಲ ದೇಶಕ್ಕೆ ಹಿಂತೆಗೆದುಕೊಳ್ಳುವ ಪತ್ರ ಬರೆಯಿರಿ. ಅದರಲ್ಲಿ ನೋಂದಣಿ ಸಂಖ್ಯೆ, ದಿನಾಂಕ, ಒಂದು ವಾಕ್ಯದ ಕಾರಣ, ಒಂದು ವಾಕ್ಯದ ಕೃತಜ್ಞತೆ ಇದ್ದರೆ ಸಾಕು, ದೂರುಗಳಿದ್ದರೆ ಬೇರೆ ಪತ್ರದಲ್ಲಿ ಬರೆಯಿರಿ. ಕಡತ ಮುಚ್ಚಿದೆ ಎಂಬ ಲಿಖಿತ ದೃಢೀಕರಣವನ್ನು ಕೇಳಿ ಪಡೆಯಿರಿ. ಹೊಸ ದೇಶ 'ಬೇರೆಲ್ಲಾದರೂ ಅರ್ಜಿ ಬಾಕಿ ಇದೆಯೇ' ಎಂದು ಕೇಳಿದಾಗ ಇದೇ ಉತ್ತರ. ಮೂಲ ದಾಖಲೆಗಳನ್ನು ಹಿಂದಿರುಗಿಸುತ್ತಾರೆಯೇ ಎಂದು ವಿಚಾರಿಸಿ. ನಮ್ಮವು ಏಳು ವಾರಗಳ ನಂತರ ಮಡಚಿದ ಮೂಲೆಗಳೊಂದಿಗೆ ಬಂದವು.

ಹೊಸ ಕಡತ ನೋಂದಾಯಿತವಾದ ದಿನ, ಆ ಮೂರು ಕಾಲಂಗಳ ಹಾಳೆಯನ್ನು ಹೊಸದಾಗಿ ಬರೆದು ಅಡುಗೆಮನೆಯ ಕಪಾಟಿನ ಒಳಬಾಗಿಲಿಗೆ ಅಂಟಿಸಿಕೊಳ್ಳಿ. ಪ್ರತಿಯೊಂದು ಅವಧಿ ಮುಗಿಯುವ ಎರಡು ತಿಂಗಳ ಮುಂಚಿನ ದಿನವನ್ನು ಕೆಂಪು ಶಾಯಿಯಲ್ಲಿ ಬರೆಯಿರಿ. ನಮ್ಮ ಹಾಳೆಯ ಮೊದಲ ಸಾಲು ನನ್ನ ವೈದ್ಯಕೀಯ ಪ್ರಮಾಣಪತ್ರದ್ದು. ಗೋಡೆಗೆ ಯಾವ ನಕಾಶೆ ಹಾಕಬೇಕೆಂದು ಮಗಳನ್ನೇ ಕೇಳಿದೆವು. ಅವಳು ಎರಡು ದೇಶಗಳೂ ಕಾಣುವ ಪ್ರಪಂಚದ ನಕಾಶೆ ಬೇಕು ಎಂದಳು, ಅದನ್ನೇ ಹಾಕಿದೆವು.